ಮಂಗಳವಾರದ ಮೈಲೇಜು

ಫೆಬ್ರವರಿ ೩

ಮಗಳೇ,

ಕೂತುಕೊಂಡು ಓದು. ನಾನು ಕಾರು ಕೊಂಡೆ.

ಸಣ್ಣದಲ್ಲ, ದೊಡ್ಡದು. ಮನೆ ಮುಂದೆ ನಿಲ್ಲಿಸಿದರೆ ತನ್ನ ಕಿಟಕಿಗೆ ಬಿಸಿಲೇ ಬರುವುದಿಲ್ಲ ಎಂದು ಎದುರುಮನೆ ಪ್ಲಂಬರ್ ದೂರು ಹೇಳಿಯಾಯಿತು. ಫೋನು ಮಾಡಿ ಹೇಳಬಹುದಿತ್ತು ಅನ್ನುತ್ತೀಯ. ಫೋನಿನಲ್ಲಿ ನಮ್ಮದು ಮೂರನೇ ಮಾತಿಗೇ ಜಗಳ. ಕಾಗದದಲ್ಲಾದರೆ ಸಿಟ್ಟು ಅಂಚೆಪೆಟ್ಟಿಗೆ ಮುಟ್ಟುವಷ್ಟರಲ್ಲಿ ಆರಿರುತ್ತದೆ ಎಂದು ಹೇಳಿಕೊಟ್ಟವಳು ನೀನೇ.

'ಈ ವಯಸ್ಸಲ್ಲಿ ಯಾಕಮ್ಮಾ' ಅಂತಲೂ ಕೇಳುತ್ತೀಯ. ಈ ವಯಸ್ಸಾದ್ದರಿಂದಲೇ ಕಣೇ. ಮದುವೆಯಾದ ವರ್ಷದಿಂದ ಅಂಗಡಿ ಮಾರುವವರೆಗೆ ಊರಿನವರ ಕಾರಿಗೆಲ್ಲ ಸೀಟು ಕವರು ಹೊಲಿದೆ. ಅಳತೆ ತೆಗೆಯಲು ಎಷ್ಟು ಕಾರಿನೊಳಗೆ ಮಂಡಿಯೂರಿದ್ದೇನೋ ದೇವರೇ ಬಲ್ಲ. ಒಂದರಲ್ಲೂ ಒರಗಿ ಕೂತವಳಲ್ಲ. ನಮ್ಮ ಹಳೇ ವ್ಯಾನಿನಲ್ಲೂ ರೆಕ್ಸಿನ್ ಸುರುಳಿಗಳದೇ ದರ್ಬಾರು, ನಾನು ಸಂದಿಯಲ್ಲಿ ಕೂತು ಓಡಿಸುತ್ತಿದ್ದೆ.

ಶೋರೂಮಿನವನು ಎಂಜಿನ್ನಿನ ಗುಣಗಾನ ಮಾಡುತ್ತಾ ಹೋದ. ನಾನು ಸೀಟಿನ ಹೊಲಿಗೆ ನೋಡುತ್ತಾ ಹೋದೆ. ಜೋಡಿ ಹೊಲಿಗೆ, ಎಲ್ಲೂ ದಾರ ಸಡಿಲವಿಲ್ಲ, ಮೂಲೆಯಲ್ಲಿ ಚರ್ಮ ಒಂದಿಷ್ಟೂ ಸುಕ್ಕಿಲ್ಲ. ಯಾರೋ ಪುಣ್ಯಾತ್ಮರು ಮನಸ್ಸಿಟ್ಟು ಹೊಲಿದಿದ್ದಾರೆ. "ಇದನ್ನೇ ಕೊಡಪ್ಪ" ಎಂದೆ. ಅವನಿಗೇ ಗಾಬರಿಯಾಯಿತು. "ಮೇಡಂ, ಮೈಲೇಜ್ ಕೇಳಲ್ವಾ? ಲೀಟರಿಗೆ ಹದಿನಾರು ಕೊಡತ್ತೆ" ಎಂದ. "ಕೊಡ್ಲಿ ಬಿಡು" ಎಂದೆ.

ನಿನ್ನ ಸೋದರತ್ತೆ ನೋಡಲು ಬಂದಿದ್ದಳು. ನನಗೂ ಅವಳಿಗೂ ಎಣ್ಣೆ ಸೀಗೆಕಾಯಿ ಎಂಬುದು ನಿನಗೆ ಗೊತ್ತಿದ್ದದ್ದೇ. ನಿನ್ನಪ್ಪ ಹೋದಾಗ 'ಅಂಗಡಿ ಮುಚ್ಚಿಬಿಡಿ ಅತ್ತಿಗೆ' ಎಂದಳು, ನಾನು ಮುಚ್ಚಲಿಲ್ಲ, ಅಲ್ಲಿಂದ ಶುರುವಾದದ್ದು. ಮೊನ್ನೆ ಗೇಟಿನಲ್ಲೇ ನಿಂತು, "ಇದಕ್ಕೆ ದಿನಕ್ಕೆ ಎಷ್ಟು ಕುಡಿಸ್ಬೇಕು ಅತ್ತಿಗೆ?" ಎಂದಳು. ಎಮ್ಮೆ ತಂದ ಹಾಗೆ! ಆದರೂ ಹೋಗುವ ಮುಂಚೆ ಒಳಗೆ ಕೂತು ಸ್ಟೇರಿಂಗ್ ಮುಟ್ಟಿ ನೋಡಿದಳು. ಅವಳ ಗಂಡನನ್ನು, ನಿನ್ನ ಮಾವನನ್ನು, ಕರೆತಾ ಎಂದೆ. ಅವರು ಎಲ್ಲಿಗೂ ಬರುವುದಿಲ್ಲ ಎಂದಳು. ಅರ್ಧ ಊರಿಗೆ ಡ್ರೈವಿಂಗ್ ಕಲಿಸಿದ ಮನುಷ್ಯ, ಈಗ ಕಣ್ಣು ಮಂಜಾಗಿ ಮನೆಯಲ್ಲೇ ಕೂತಿದ್ದಾರೆ.

ಈ ಸೀಟು ಬೆನ್ನು ಒತ್ತುತ್ತದೆ ಗೊತ್ತಾ? ಗುಂಡಿ ಒತ್ತಿದರೆ ಸಾಕು. ನಾನಂತೂ ಸುಖವಾಗಿದ್ದೇನೆ.

ನಿನ್ನ ಅಮ್ಮ


ಫೆಬ್ರವರಿ ೧೯

ಅಮ್ಮಾ,

ನಿನ್ನ ಕಾಗದ ಬಂದ ದಿನವಿಡೀ ನಾನು ಪೆಟ್ರೋಲ್ ಬಂಕೊಂದರಲ್ಲಿ ಐದು ಲೀಟರಿನ ಅಳತೆಪಾತ್ರೆ ಹಿಡಿದು ನಿಂತಿದ್ದೆ. ತೂಕ ಅಳತೆ ಇಲಾಖೆಯ ಇನ್ಸ್‌ಪೆಕ್ಟರಿನ ತಾಯಿ ಮೈಲೇಜು ಕೇಳದೆ ಕಾರು ಕೊಂಡಳು ಎಂದರೆ ನನ್ನ ಆಫೀಸಿನಲ್ಲಿ ನಗುತ್ತಾರೆ. ಯಾರಿಗೂ ಹೇಳಿಲ್ಲ.

ಕಾರು ಚೆನ್ನಾಗಿದೆ, ಫೋಟೋ ನೋಡಿ ನನಗೂ ಖುಷಿಯಾಯಿತು. ಆದರೆ ಒಂದು ವಿಷಯ. ನೀನು ಶೋರೂಮಿನಲ್ಲಿ ನನ್ನ ನಂಬರು ಕೊಟ್ಟಿದ್ದೀಯ, ಹಾಗಾಗಿ ಆ ಕಾರಿನ ಆ್ಯಪ್ ನನ್ನ ಫೋನಿನಲ್ಲಿ ಕೂತಿದೆ. ನೀನು ಒಂದೊಂದು ಸಲ ಹೊರಟು ಬಂದಾಗಲೂ ನನಗೊಂದು ವರದಿ. ಎಷ್ಟು ದೂರ ಓಡಿತು, ಎಷ್ಟು ಪೆಟ್ರೋಲ್ ಕುಡಿಯಿತು, ನಿಂತಲ್ಲೇ ಎಷ್ಟು ಹೊತ್ತು ಎಂಜಿನ್ ಓಡಿತು, ಎಷ್ಟು ಸಲ ಬ್ರೇಕು ಜೋರಾಗಿ ಬಿತ್ತು. ಎಲ್ಲಿಗೆ ಹೋದೆ ಎಂದು ಮಾತ್ರ ಹೇಳುವುದಿಲ್ಲ. ನಿನ್ನ ಲೆಕ್ಕ ಲೀಟರಿಗೆ ಒಂಬತ್ತಕ್ಕೆ ನಿಂತಿದೆ. ಹದಿನಾರು ಎಂದ ಕಡೆ ಒಂಬತ್ತು! ತಕ್ಕಡಿಯಲ್ಲಿ ಇಷ್ಟು ವ್ಯತ್ಯಾಸ ಸಿಕ್ಕಿದ್ದರೆ ಅಂಗಡಿಗೆ ಬೀಗ ಹಾಕಿಸುತ್ತಿದ್ದೆ.

ಕಂಪನಿಯವರ ಹದಿನಾರನ್ನು ನಾನೂ ನಂಬುವುದಿಲ್ಲ. ಅದು ಕೋಣೆಯೊಳಗೆ ಉರುಳೆಯ ಮೇಲೆ ಓಡಿಸಿ ಅಳೆದದ್ದು. ಅಲ್ಲಿ ಎದುರುಗಾಳಿಯಿಲ್ಲ, ಏರಿಲ್ಲ, ಅಡ್ಡ ನುಗ್ಗುವ ಸೈಕಲ್ಲಿಲ್ಲ. ನಿಜದ ರಸ್ತೆಯಲ್ಲಿ ಹದಿಮೂರು ಬಂದರೆ ಸಂತೋಷ. ಅಲ್ಲಿಂದ ಒಂಬತ್ತಕ್ಕೆ ಇಳಿಸಿದ್ದು ನಿನ್ನ ಕಾಲಿನ ಮಹಿಮೆ. ಮೂಲೆಯಂಗಡಿಗೆ ಹಾಲು ತರಲು ಕಾರು ತೆಗೆಯುತ್ತೀಯ ತಾನೆ? ಎಂಜಿನ್ ಬಿಸಿಯಾಗುವ ಮೊದಲೇ ಮನೆಗೆ ವಾಪಸ್. ಅದರಷ್ಟು ದಂಡ ಬೇರೆ ಇಲ್ಲ. ಚಕ್ರದ ಗಾಳಿ ನೋಡಿಸು. ಡಿಕ್ಕಿಯಲ್ಲಿ ಏನೇನು ತುಂಬಿಸಿಟ್ಟಿದ್ದೀಯೋ ಇಳಿಸು. ಆ ಹಳೇ ವ್ಯಾನಿಗೆ ಒದ್ದ ಹಾಗೆ ಎಕ್ಸಲರೇಟರ್ ಒದೆಯಬೇಡ, ಇದು ಓಡುವ ಗಾಡಿ.

ಬೇಜಾರು ಮಾಡಿಕೋಬೇಡ. ದುಡ್ಡಿನ ಮಾತಲ್ಲ ಅಮ್ಮಾ. ತಪ್ಪಿದ ಅಂಕಿ ನೋಡಿದರೆ ನನಗೆ ಊಟ ಸೇರುವುದಿಲ್ಲ, ಅಷ್ಟೆ.

ನಿನ್ನ ತಕ್ಕಡಿ


ಮಾರ್ಚ್ ೪

ಶ್ರೀಮತಿ ತಕ್ಕಡಿ ಮೇಡಮ್ಮನವರಿಗೆ,

ಆಜ್ಞೆ ಶಿರಸಾವಹಿಸಿದ್ದೇನೆ. ಡಿಕ್ಕಿ ತೆಗೆದು ನೋಡಿದರೆ ಎರಡು ಸುರುಳಿ ರೆಕ್ಸಿನ್, ಒಂದು ಮೂಟೆ ಸ್ಪಂಜು, ಹಳೇ ಇಸ್ತ್ರಿಪೆಟ್ಟಿಗೆ. ಅಂಗಡಿ ಮಾರಿದ ಮೇಲೂ ಇವನ್ನು ಯಾಕೆ ತುಂಬಿಸಿಕೊಂಡೆನೋ! ಗಾಡಿಯ ಹಿಂಭಾಗ ಖಾಲಿಯಿದ್ದರೆ ಏನೋ ಮರೆತು ಹೊರಟೆ ಅನ್ನಿಸುತ್ತಿತ್ತು. ಎಲ್ಲ ಇಳಿಸಿದೆ. ಚಕ್ರದಲ್ಲಿ ಗಾಳಿಯೂ ಕಮ್ಮಿಯಿತ್ತು, ನಿನ್ನ ಮಾತು ನಿಜ. ಹಾಲಿಗೆ ನಡೆದೇ ಹೋಗುತ್ತೇನೆ, ದಾರಿಯಲ್ಲಿ ನಾಲ್ಕು ಜನರ ಸುದ್ದಿಯೂ ಸಿಗುತ್ತದೆ.

ಕಾಲಿನ ಮಹಿಮೆಯ ವಿಷಯಕ್ಕೆ ಬರೋಣ. ನೀನು ಹಾಗೆಂದದ್ದು ನನಗೆ ಚುರುಕ್ಕೆಂದಿತು. ಜೀವಮಾನವಿಡೀ ಮಷಿನ್ನಿನ ಪೆಡಲ್ ಮೇಲೆ ಕಾಲಿಟ್ಟವಳಿಗೆ ಕಾಲಿನ ಪಾಠವೇ? ಆಮೇಲೆ ಹೊಳೆಯಿತು. ಸೀಟಿನ ಅಂಚಿಗೆ ಕೊಡುವ ಪೈಪಿಂಗ್ ಪಟ್ಟಿಯನ್ನು ಮೂಲೆಯಲ್ಲಿ ತಿರುಗಿಸುವಾಗ ನಾವು ಪೆಡಲ್ ಒತ್ತುವುದಿಲ್ಲ, ಸುಮ್ಮನೆ ಪಾದದ ಭಾರ ಇಡುತ್ತೇವೆ. ಒತ್ತಿದರೆ ದಾರ ಹರಿಯುತ್ತದೆ. ಮಾರನೇ ದಿನ ಹಾಗೇ ಓಡಿಸಿದೆ. ದೂರದಲ್ಲಿ ಕೆಂಪು ದೀಪ ಕಂಡ ಕೂಡಲೇ ಕಾಲು ತೆಗೆದೆ. ಗಾಡಿ ತಾನಾಗಿ ಹೋಗಿ ದೀಪದ ಹತ್ತಿರ ನಿಂತಿತು. ಹಿಂದಿನವನು ಹಾರನ್ ಹೊಡೆದ, ಹೊಡೆದುಕೊಳ್ಳಲಿ. ಈ ವಾರ ಹದಿಮೂರು ಬಂದಿದೆ ನೋಡು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನಬೇಡ, ಇದು ನಿಜಕ್ಕೂ ಜಾಣ ಗಾಡಿ.

ಪ್ಲಂಬರ್ ಬೆಳಿಗ್ಗೆ ಬೆಳಿಗ್ಗೆ, "ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅಂದಂಗಾಯ್ತಲ್ಲಮ್ಮಾ" ಎಂದ. "ಹೊಟ್ಟೆಗೆ ನಾನು ತಿಂದಾಯ್ತಪ್ಪ, ಈಗ ಜುಟ್ಟಿನ ಸರದಿ" ಎಂದೆ.

ನಿನ್ನ ಅತ್ತೆ ಒಂದು ಸುತ್ತು ಕರೆದುಕೊಂಡು ಹೋಗಿ ಎಂದಳು, ಕರೆದೊಯ್ದೆ. ಚುಚ್ಚುಮಾತು ಬರುತ್ತದೆಂದು ಉತ್ತರ ಸಿದ್ಧ ಮಾಡಿಕೊಂಡಿದ್ದೆ. ಅದು ಬೇಕಾಗಲೇ ಇಲ್ಲ. ದಾರಿಯುದ್ದಕ್ಕೂ ನನ್ನ ಕಾಲನ್ನೇ ನೋಡುತ್ತಾ ಕೂತಿದ್ದಳು.

ನಿನ್ನ ಅಮ್ಮ


ಮಾರ್ಚ್ ೩೦

ಅಮ್ಮಾ,

ಹದಿಮೂರು ಹದಿಮೂರೂವರೆ ಆಯಿತು, ಹೋದ ಭಾನುವಾರ ಹದಿನಾಲ್ಕು ಮುಟ್ಟಿದೆ. ಶಭಾಷ್! ಆಫೀಸಿನಲ್ಲಿ ಈಗ ಎಲ್ಲರಿಗೂ ನಿನ್ನ ಪೈಪಿಂಗ್ ಪಾಠ ಹೇಳಿದ್ದೇನೆ. ನಮ್ಮ ಜೀಪಿನ ಡ್ರೈವರ್ ಕೂಡ ಪಾದದ ಭಾರ ಇಡಲು ಕಲಿಯುತ್ತಿದ್ದಾನೆ.

ಆದರೆ ಮಂಗಳವಾರ ಏನಾಗುತ್ತದೆ? ಶುಕ್ರವಾರವೂ ಅಷ್ಟೆ. ಮೂರು ವಾರದಿಂದ ನೋಡುತ್ತಿದ್ದೇನೆ. ಬೇರೆ ದಿನ ಹದಿಮೂರು ಹದಿನಾಲ್ಕು ಕೊಡುವ ಗಾಡಿ, ಆ ಎರಡು ದಿನ ಬೆಳಿಗ್ಗೆ ಐದು ಕೊಡುತ್ತದೆ. ಲೀಟರಿಗೆ ಐದು! ಲಾರಿಯ ಲೆಕ್ಕ ಅದು. ದೂರ ನೋಡಿದರೆ ಏನೂ ಇಲ್ಲ, ನಿಂತಲ್ಲೇ ಎಂಜಿನ್ ಓಡಿದ್ದು ಅರ್ಧ ಗಂಟೆಯ ಮೇಲೆ, ಬ್ರೇಕಂತೂ ಹೆಜ್ಜೆಹೆಜ್ಜೆಗೆ ಧಡ್ ಧಡ್ ಎಂದು ಬಿದ್ದಿದೆ. ಎಕ್ಸಲರೇಟರ್ ಒಮ್ಮೆಲೇ ತುಳಿಯುವುದು, ಒಮ್ಮೆಲೇ ಬ್ರೇಕು. ನೀನು ಹಾಗೆ ಓಡಿಸುವವಳಲ್ಲ.

ಎಲ್ಲಿಗೆ ಹೋಗುತ್ತೀಯ? ದಾರಿ ತಪ್ಪುತ್ತಿದ್ದೀಯಾ? ಹುಷಾರಿದ್ದೀಯ ತಾನೆ? ಬೇಗ ಬರೆ.

ನಿನ್ನ ತಕ್ಕಡಿ


ಏಪ್ರಿಲ್ ೬

ಮಗಳೇ,

ಹುಷಾರಾಗಿದ್ದೇನೆ. ದಾರಿ ತಪ್ಪಲು ಈ ಊರಿನಲ್ಲಿ ಇರುವುದೇ ನಾಲ್ಕು ದಾರಿ.

ಮಂಗಳವಾರ ಶುಕ್ರವಾರ ಒಂದು ಕೆಲಸವಿರುತ್ತದೆ. ಕೆಟ್ಟದ್ದಲ್ಲ. ಅದನ್ನು ಕೇಳಬೇಡ. ಬೇರೆ ಐದು ದಿನದ ಲೆಕ್ಕ ನೋಡಿ ಸಂತೋಷಪಡು, ನಿನ್ನೆ ಹದಿನಾಲ್ಕೂವರೆ ಬಂದಿದೆ.

ಈಚೆಗೆ ನನಗೆ ನಗು ಜಾಸ್ತಿ. ಮೊನ್ನೆ ಒಬ್ಬಳೇ ಅಡುಗೆಮನೆಯಲ್ಲಿ ನಿಂತು ಏನೋ ನೆನೆಸಿಕೊಂಡು ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕೆ. ಏನೆಂದು ಹೇಳುವ ಹಾಗಿದ್ದರೆ ಮೊದಲು ನಿನಗೇ ಹೇಳುತ್ತಿದ್ದೆ.

ನಿನ್ನ ಅಮ್ಮ


ಏಪ್ರಿಲ್ ೧೪

ಅಮ್ಮಾ,

'ಕೇಳಬೇಡ' ಎಂಬ ಮಾತನ್ನು ನಾನು ದಿನಾ ಕೇಳುತ್ತೇನೆ. ತಕ್ಕಡಿಯ ತಟ್ಟೆಯ ಕೆಳಗೆ ಆಯಸ್ಕಾಂತ ಅಂಟಿಸಿಕೊಂಡವರೆಲ್ಲ ಅದನ್ನೇ ಹೇಳುವುದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗಿದೆ ನಿನ್ನ ಕಾಗದ. ಒಬ್ಬಳೇ ನಿಂತು ನಗುವುದು ಬೇರೆ! ಅದನ್ನು ಓದಿ ನನಗೆ ಇನ್ನಷ್ಟು ಹೆದರಿಕೆಯಾಯಿತು.

ನೇರವಾಗಿ ಹೇಳಿಬಿಡುತ್ತೇನೆ. ಹೋದ ವಾರ ನಾನಿದ್ದ ಬಂಕಿಗೆ ನಿನ್ನ ವಯಸ್ಸಿನ ಹಿರಿಯರೊಬ್ಬರು ಬಂದರು. ಬ್ರೇಕು ಎಂದುಕೊಂಡು ಎಕ್ಸಲರೇಟರ್ ತುಳಿದರು. ಗಾಳಿ ಹಾಕುವ ಕಂಬ ನೆಲಕ್ಕೆ ಉರುಳಿತು. ಯಾರಿಗೂ ಏನೂ ಆಗಲಿಲ್ಲ. ಅವರು ಇಳಿದು ನಿಂತು, "ನಾನು ಬ್ರೇಕೇ ಹಾಕಿದ್ದು, ನಾನು ಬ್ರೇಕೇ ಹಾಕಿದ್ದು" ಎನ್ನುತ್ತಲೇ ಇದ್ದರು. ಅವರ ಕೈ ಹಿಡಿದು ಕೂರಿಸುವಾಗ ನನಗೆ ನಿನ್ನ ಮಂಗಳವಾರಗಳು ನೆನಪಾದವು. ಅರವತ್ತಕ್ಕೆ ಅರಳು ಮರಳು ಎಂದು ಬೇರೆಯವರ ವಿಷಯದಲ್ಲಿ ಸುಲಭವಾಗಿ ಹೇಳುತ್ತೇವೆ. ನಿನ್ನ ವಿಷಯದಲ್ಲಿ ಯೋಚನೆ ಮಾಡಲೂ ಆಗುತ್ತಿಲ್ಲ.

ಈ ತಿಂಗಳ ಕೊನೆಗೆ ಬರುತ್ತೇನೆ. ಅಷ್ಟರಲ್ಲಿ ಆ ಐದು ಯಾಕೆ ಎಂದು ಹೇಳಿದರೆ ಸರಿ. ಇಲ್ಲವಾದರೆ ಕಾರಿನ ಕೀ ನನ್ನ ಕೈಗೆ ಕೊಡಬೇಕು. ನಿನ್ನ ಮೇಲೆ ಸಿಟ್ಟಿಲ್ಲ. ನನಗೆ ಇರುವುದು ನೀನೊಬ್ಬಳೇ.

ನಿನ್ನ ಮಗಳು


ಮೇ ೬

ಅಮ್ಮಾ,

ನೀನು ಸ್ನಾನಕ್ಕೆ ಹೋದಾಗ ಹೊರಟುಬಂದೆ. ಎದುರಿಗೆ ನಿಂತು ಹೇಳುವ ಧೈರ್ಯ ನನಗಿರಲಿಲ್ಲ. ಮೊಳೆಗೆ ನೇತುಹಾಕಿದ್ದ ಕೀ, ಬೀರುವಿನಲ್ಲಿದ್ದ ಇನ್ನೊಂದು ಕೀ, ಎರಡೂ ನನ್ನ ಬ್ಯಾಗಿನಲ್ಲಿವೆ.

ಸ್ಟೇಷನ್ನಿನಿಂದ ನೀನೇ ಕರೆದುಕೊಂಡು ಬಂದೆ. ಎಷ್ಟು ಚೆನ್ನಾಗಿ ಓಡಿಸಿದೆ! ನನಗೆ ನಿದ್ದೆ ಬರುವ ಹಾಗಿತ್ತು. ಮನೆಗೆ ಬಂದು ಫೋನು ನೋಡಿದರೆ ಹದಿನೈದು. ಬೇರೆ ಮಕ್ಕಳಾಗಿದ್ದರೆ ನೆಮ್ಮದಿಯಿಂದ ವಾಪಸು ಹೋಗುತ್ತಿದ್ದರು. ನನ್ನ ಕಸುಬು ನನ್ನನ್ನು ಹಾಳು ಮಾಡಿದೆ ಅಮ್ಮಾ. ನಾನು ಎದುರಿಗಿದ್ದಾಗ ಸರಿಯಾಗಿ ತೂಗಿ, ಬೆನ್ನು ತಿರುಗಿಸಿದ ಮೇಲೆ ಬೇರೆ ತೂಗುವವರನ್ನು ಎಷ್ಟು ನೋಡಿಲ್ಲ? ನಾನಿದ್ದೇನೆಂದು ಮೈಯೆಲ್ಲ ಕಣ್ಣಾಗಿ ಓಡಿಸಿದೆ ಎಂದುಕೊಂಡೆ. ಶುಕ್ರವಾರ ಬೆಳಿಗ್ಗೆ ನಿನಗೆ ಇದ್ದಕ್ಕಿದ್ದಂತೆ ತಲೆನೋವು. ಅತ್ತೆ ಗೇಟಿನವರೆಗೆ ಬಂದವರು ನನ್ನ ಮುಖ ಕಂಡು, "ಸುಮ್ನೆ ಬಂದೆ ಕಣೇ" ಎಂದು ತಿರುಗಿ ಹೋದರು. ಅವರಿಗೂ ಏನೋ ಗೊತ್ತಿದೆ, ನನಗೆ ಮಾತ್ರ ಹೇಳುವವರಿಲ್ಲ.

ಮೂರು ರಾತ್ರಿ ಊಟಕ್ಕೆ ಕೂತಾಗಲೂ ಕೇಳಿದೆ. ಮೂರು ಸಲವೂ ನೀನು ಸಾರು ಬಡಿಸಿದೆ.

ಡಾಕ್ಟರ ಹತ್ತಿರ ಹೋಗಿ ಕಣ್ಣು, ಕೈಕಾಲು ತೋರಿಸು. ಅವರು ಸರಿಯಿದೆ ಎಂದು ಬರೆದುಕೊಟ್ಟ ದಿನ ಕೀ ಕಳಿಸುತ್ತೇನೆ.

ನಿನ್ನ ಮಗಳು


ಮೇ ೧೦

ಕೀ ಕದ್ದವಳಿಗೆ,

ಸ್ನಾನ ಮುಗಿಸಿ ಬಂದು ಮೊಳೆ ನೋಡಿದೆ. ನಂಬಲಿಕ್ಕಾಗದೆ ಗೋಡೆಯನ್ನೇ ಸವರಿದೆ. ನೀನು ಕೇಳಿದ್ದರೆ ಜಗಳವಾಡುತ್ತಿದ್ದೆ, ಅತ್ತುಬಿಡುತ್ತಿದ್ದೆ, ಆದರೂ ಅದು ಮರ್ಯಾದೆಯ ಜಗಳವಾಗುತ್ತಿತ್ತು. ನನಗೆ ತುಂಬ ನೋವಾಗಿದೆ ಕಣೇ. ಕಾರು ಅಂಗಳದಲ್ಲಿ ಧೂಳು ಕುಡಿಯುತ್ತಾ ನಿಂತಿದೆ. ಪ್ಲಂಬರ್ ಕೂಡ ಪಾಪ, ಏನೂ ಹಾಸ್ಯ ಮಾಡಲಿಲ್ಲ.

ಒಂದು ಮಾತಿನಲ್ಲಿ ನಿನ್ನ ಅನುಮಾನ ತೊಳೆದುಬಿಡಬಲ್ಲೆ. ಆದರೆ ಆ ಮಾತನ್ನು ಇನ್ನೊಬ್ಬರಿಗೆ ಕೊಟ್ಟಾಗಿದೆ. ಕೀ ಉಳಿಸಿಕೊಳ್ಳಲು ಕೊಟ್ಟ ಮಾತು ಮುರಿಯುವವಳಲ್ಲ ನಿನ್ನಮ್ಮ. ಇಟ್ಟುಕೋ.

ಅಮ್ಮ


ಮೇ ೧೧

ಚಿರಂಜೀವಿ ಸೊಸೆಗೆ,

ನಿನ್ನ ಸೋದರತ್ತೆ ಬರೆಯುತ್ತಿದ್ದೇನೆ. ನನಗೆ ಕಾಗದ ಬರೆದು ಅಭ್ಯಾಸವಿಲ್ಲ, ಹೆಚ್ಚುಕಮ್ಮಿಯಾದರೆ ಹೊಟ್ಟೆಗೆ ಹಾಕಿಕೋ.

ಆ ಬ್ರೇಕುಗಳೆಲ್ಲ ನನ್ನವು.

ಮೊದಲ ದಿನ ಅತ್ತಿಗೆ ನನ್ನನ್ನು ಸುತ್ತಾಡಿಸಿದಾಗ ಅವರ ಕಾಲು ನೋಡಿದೆ. ಇಷ್ಟೇನಾ ಅನ್ನಿಸಿತು. ಇಳಿಯುವಾಗ ಬಾಯಿ ತಪ್ಪಿ, "ನನಗೂ ಕಲಿಸ್ತೀರಾ ಅತ್ತಿಗೆ?" ಎಂದುಬಿಟ್ಟೆ. ನಗುತ್ತಾರೆ ಎಂದುಕೊಂಡಿದ್ದೆ. ಅವರು ಮಾತೇ ಆಡದೆ ಗಾಡಿ ತಿರುಗಿಸಿ ಹಳೇ ಗೋದಾಮಿನ ಹಿಂದಿನ ಬಯಲಿಗೆ ಕರೆದುಕೊಂಡು ಹೋಗಿ, ಇಳಿದು, "ಈ ಕಡೆ ಬಂದು ಕೂತ್ಕೋ" ಎಂದರು. ಹೋಗಿ ಕೂತೆ. ಅವತ್ತೇ ಮಾತು ತೆಗೆದುಕೊಂಡೆ, ಲೈಸೆನ್ಸು ಕೈಗೆ ಬರುವವರೆಗೂ ಮೂರನೆಯವರಿಗೆ ಗೊತ್ತಾಗಕೂಡದು, ನಿನಗೂ ಕೂಡ.

ಯಾಕೆ ಅನ್ನುತ್ತೀಯ. ಮದುವೆಯಾದ ಹೊಸತರಲ್ಲಿ ನಿನ್ನ ಮಾವನನ್ನು ಕೇಳಿದ್ದೆ. ಕಲಿಯಲು ಬಂದವರೆಲ್ಲ ಅಲ್ಲೇ ನಿಂತಿದ್ದರು. "ಮೊದ್ಲು ಎಡಗೈ ಯಾವ್ದು ಬಲಗೈ ಯಾವ್ದು ತೋರ್ಸು ನೋಡೋಣ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಕೇಳಲಿಲ್ಲ. ಅವರು ಕೆಟ್ಟವರಲ್ಲ, ಅರ್ಧ ಊರಿಗೆ ಕಲಿಸಿದರು, ದೀಪದ ಬುಡದಲ್ಲಿ ಕತ್ತಲೆ ಅಷ್ಟೆ. ಈಗ ಕಣ್ಣು ಮಂಜಾದ ಮೇಲೆ ತಮ್ಮ ಗಾಡಿ ಮಾರಿದರು. ಬೇರೆಯವರು ಓಡಿಸುವ ಗಾಡಿಯಲ್ಲಿ ಕೂರುವುದಿಲ್ಲ ಎಂದು ಹಟ. ಗೇಟು ದಾಟಿ ವರ್ಷವಾಯಿತು. ಕಿಟಕಿಯಲ್ಲಿ ಕೂತು ಸದ್ದಿನ ಮೇಲೆ ಯಾವ ಗಾಡಿ ಎಂದು ಹೇಳುತ್ತಿರುತ್ತಾರೆ. ನಾನೇ ಓಡಿಸಿಕೊಂಡು ಹೋದರೆ ಬಂದಾರು ಎಂದು ಆಸೆ. ಆದರೆ ಅರ್ಧ ಕಲಿತಿರುವಾಗ ಗೊತ್ತಾದರೆ ಮತ್ತೆ ನಕ್ಕುಬಿಡುತ್ತಾರೆ, ಈ ಸಲ ನಕ್ಕರೆ ನಾನು ಸ್ಟೇರಿಂಗ್ ಮುಟ್ಟಲಾರೆ.

ಎಂಜಿನ್ ನಿಂತಲ್ಲೇ ಓಡುತ್ತದೆ ಎಂದೆಯಂತಲ್ಲ. ಗಾಡಿ ನಿಲ್ಲಿಸಿ ಏಸಿ ಹಾಕಿಕೊಂಡು ನಿಮ್ಮಮ್ಮ ನನಗೆ ಬೈಯುವ ಹೊತ್ತು ಅದು. "ಹೆಣ್ಣೇ, ಅದು ಪೆಡಲ್ಲು, ಜಿರಳೆಯಲ್ಲ, ತುಳೀಬೇಡ!" ಎನ್ನುತ್ತಾರೆ. ಬೈದು ಮುಗಿದ ಮೇಲೆ ಇಬ್ಬರೂ ನಗುತ್ತಾ ಕೂತುಬಿಡುತ್ತೇವೆ. ಇಷ್ಟು ವರ್ಷ ಮಾತಾಡದೆ ಉಳಿಸಿಕೊಂಡದ್ದೆಲ್ಲ ಅಲ್ಲೇ ಖರ್ಚಾಗುತ್ತದೆ. ಐದು ಬರುವುದು ಅದಕ್ಕೆ.

ಪರೀಕ್ಷೆ ಇಪ್ಪತ್ತನಾಲ್ಕಕ್ಕೆ. ಅದಕ್ಕಾಗಿ ಇದನ್ನು ಬರೆಯುತ್ತಿಲ್ಲ, ಪರೀಕ್ಷೆ ಹೋದರೆ ಹೋಗಲಿ. ಅತ್ತಿಗೆಯ ಕೈ ನಡುಗುತ್ತದೆ, ಬುದ್ಧಿ ಮಂಕಾಗಿದೆ ಎಂದು ಅವರ ಮಗಳೇ ತಿಳಿದುಕೊಂಡಿರುವುದು, ಅದನ್ನು ಅವರು ನನ್ನ ಗುಟ್ಟಿಗಾಗಿ ಸುಮ್ಮನೆ ಸಹಿಸಿಕೊಂಡಿರುವುದು, ಎರಡೂ ನನ್ನಿಂದ ತಡೆಯಲಾಗಲಿಲ್ಲ.

ಇತಿ ನಿನ್ನ ಅತ್ತೆ


ಮೇ ೧೬

ಅಮ್ಮಾ,

ಅತ್ತೆ ಬರೆದಿದ್ದಾರೆ. ಬಂಕಿನ ಆಫೀಸಿನಲ್ಲಿ ಕೂತು ಓದಿದೆ, ಅಳುವೂ ಬಂತು, ನಗುವೂ ಬಂತು, ಬಂಕಿನವರು ಅಳತೆಯಲ್ಲಿ ಏನೋ ದೊಡ್ಡ ತಪ್ಪು ಸಿಕ್ಕಿತೆಂದು ಬೆವರಿದರು. ಪಾಪ, ಅವರದು ಸರಿಯಾಗಿತ್ತು.

ಒಂದೇ ಕಾರು ಎಂದರೆ ಓಡಿಸುವವಳೂ ಒಬ್ಬಳೇ ಎಂದುಕೊಂಡೆ. ಯಂತ್ರ ಸುಳ್ಳು ಹೇಳದಿದ್ದರೆ ಮನುಷ್ಯರು ಹೇಳುತ್ತಿರಬೇಕು, ನಮ್ಮ ಇಲಾಖೆಯಲ್ಲಿ ಅದೇ ಲೆಕ್ಕ. ಎರಡು ಜೊತೆ ಕಾಲಿರಬಹುದು ಎಂದು ನನ್ನ ತಲೆಗೆ ಹೋಗಲೇ ಇಲ್ಲ. ಕ್ಷಮಿಸು ಎಂದು ಬರೆಯಲು ನಾಚಿಕೆಯಾಗುತ್ತಿದೆ, ಆದರೂ ಬರೆಯುತ್ತಿದ್ದೇನೆ. ನಿನ್ನನ್ನು ಕೇಳದೆ ಮೊಳೆಯಿಂದ ಕೀ ತೆಗೆದದ್ದು ತಪ್ಪು.

ಕೀ ಅಂಚೆಯಲ್ಲಿ ಕಳಿಸುವುದಿಲ್ಲ. ಇಪ್ಪತ್ತಕ್ಕೆ ರಜೆ ಹಾಕಿದ್ದೇನೆ, ನಾನೇ ತರುತ್ತೇನೆ. ಅತ್ತೆಗೆ ಅಭ್ಯಾಸಕ್ಕೆ ಮೂರು ದಿನವಾದರೂ ಸಿಗುತ್ತದೆ. ನನ್ನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಳ್ಳಿ, ಬಾಯಿಗೆ ಬೀಗ ಹಾಕಿಕೊಂಡು ಕೂರುತ್ತೇನೆ.

ನಿನ್ನ ತಕ್ಕಡಿ


ಜೂನ್ ೨೧

ಮಗಳೇ,

ಪರೀಕ್ಷೆಯ ದಿನ ನೀನೇ ಇದ್ದೆ, ಅದನ್ನು ಬರೆಯುವುದಿಲ್ಲ. ಅಧಿಕಾರಿ "ಸರಿ, ಇಳೀರಿ" ಎಂದದ್ದಕ್ಕೆ ಫೇಲಾದೆನೆಂದು ನಿನ್ನ ಅತ್ತೆ ಗೋಳಾಡಿದ್ದು ಈಗ ಬೀದಿಗೆಲ್ಲ ಗೊತ್ತು. ಲೈಸೆನ್ಸು ಕೈಗೆ ಬಂದ ಮೇಲೆ ಹೇಳಿದ್ದು ಅವಳೇ. ಈಗ ಯಾವ ಗುಟ್ಟೂ ಉಳಿದಿಲ್ಲ.

ಮೊನ್ನೆ ಲೈಸೆನ್ಸು ಅಂಚೆಯಲ್ಲಿ ಬಂತು. ನಾನು ಜೊತೆಗಿರಬೇಕು ಎಂದು ಕರೆದಳು. ನಿನ್ನ ಮಾವ ಕಿಟಕಿಯ ಹತ್ತಿರ ಕೂತಿದ್ದರು. ಅವರ ಕೈಗೆ ಕಾರ್ಡು ಕೊಟ್ಟಳು. ಅವರು ಹತ್ತಿರ ಹಿಡಿದರು, ದೂರ ಹಿಡಿದರು.

"ಯಾರ್ದಿದು?"

"ನಂದು ರೀ."

ಅವರು ನಗಲಿಲ್ಲ. ಕಾರ್ಡಿನ ಮೇಲೆ ಬೆರಳಾಡಿಸಿ, "ಯಾರು ಕಲಿಸಿದ್ದು?" ಎಂದರು.

"ಅತ್ತಿಗೆ."

"ಅವರಿಗೆ ಆ ವ್ಯಾನಿನಲ್ಲಿ ಕಲಿಸಿದ್ದು ಯಾರು? ನಾನಲ್ವಾ? ಹಾಗಾದ್ರೆ ನಾನೇ ಕಲಿಸಿದ ಹಾಗಾಯ್ತು."

ಬಿದ್ದರೂ ಮೀಸೆ ಮಣ್ಣಾಗದ ಗಂಡಸು! ನಾನು ಬಾಯಿ ತೆರೆಯುವಷ್ಟರಲ್ಲಿ ನಿನ್ನ ಅತ್ತೆ, "ಹೂಂ, ಹಾಗೇ ಅನ್ಕೊಳ್ಳಿ. ಬನ್ನಿ, ನಿಮ್ಮ ಪಾಠ ಹೇಗಿದೆ ನೋಡೋರಂತೆ" ಎಂದು ಅವರ ಚಪ್ಪಲಿ ತಂದು ಮುಂದಿಟ್ಟಳು. ಚಪ್ಪಲಿ ನೋಡಿದರು, ಅವಳನ್ನು ನೋಡಿದರು, ಎದ್ದರು. ಅವಳ ಭುಜ ಹಿಡಿದುಕೊಂಡು ಗೇಟು ದಾಟಿದರು.

ನಾನು ಹಿಂದೆ ಕೂತೆ. ನನ್ನ ಕಾರಿನ ಹಿಂದಿನ ಸೀಟಿನಲ್ಲಿ ನಾನು ಕೂತದ್ದು ಅವತ್ತೇ ಮೊದಲು, ಅಲ್ಲಿಯ ಹೊಲಿಗೆಯೂ ಚೆನ್ನಾಗಿದೆ. ನಿನ್ನ ಮಾವನ ಕಾಲು ದಾರಿಯುದ್ದಕ್ಕೂ ಇಲ್ಲದ ಬ್ರೇಕು ಒತ್ತುತ್ತಿತ್ತು. "ಗೇರ್! ಗೇರ್!" ಎಂದರು. "ಅದೇ ಹಾಕ್ಕೊಳತ್ತೆ, ನೀವು ಸುಮ್ನೆ ಕೂತ್ಕೊಳ್ಳಿ" ಎಂದಳು. ಕೆರೆ ಏರಿಯವರೆಗೆ ಹೋದೆವು. ಇಳಿದು ನಾಲ್ಕೂ ಚಕ್ರ ಮುಟ್ಟಿ ನೋಡಿದರು. ಆಮೇಲೆ ಅವಳ ಕಡೆ ತಿರುಗಿ, "ತಿರುವಿನಲ್ಲಿ ಕೈ ಚೆನ್ನಾಗಿದೆ" ಎಂದರು. ಅದನ್ನು ಅವಳು ಇಲ್ಲಿಯವರೆಗೆ ಆರು ಸಲ ನನಗೆ ಹೇಳಿದ್ದಾಳೆ. ಲೀಟರಿಗೆ ಹತ್ತು ಬಂದಿತ್ತು ಅವತ್ತು, ನೀನು ನೋಡಿರುತ್ತೀಯ. ಈಗ ಅವಳೇ, "ಅತ್ತಿಗೆ, ನೀವು ಸಿಗ್ನಲ್ಲಲ್ಲಿ ಏಸಿ ಜಾಸ್ತಿ ಮಾಡ್ತೀರಿ, ಅದಕ್ಕೇ ಮೈಲೇಜ್ ಬೀಳತ್ತೆ" ಎಂದು ನನಗೆ ಬುದ್ಧಿ ಹೇಳುತ್ತಾಳೆ!

ಇನ್ನೊಂದು ಮಾತಿದೆ. ಇದನ್ನು ಅವಳಿಗೂ ಹೇಳಿಲ್ಲ.

ಕತ್ತಲಾದ ಮೇಲೆ ಎದುರು ಬರುವ ಗಾಡಿಯ ದೀಪ ನನಗೆ ಒಡೆದು ಚೂರಾಗಿ ಕಾಣುತ್ತದೆ. ಹೋದ ಚಳಿಗಾಲದಿಂದ. ಕಾರು ಕೊಳ್ಳುವ ಮುಂಚೆಯೇ ಡಾಕ್ಟರಿಗೆ ತೋರಿಸಿದ್ದೆ. ಹಗಲಿಗೆ ಇನ್ನೂ ಕೆಲವು ವರ್ಷ ತೊಂದರೆಯಿಲ್ಲ, ರಾತ್ರಿ ಬೇಡ ಎಂದರು. ನಿನ್ನ ವರದಿಗಳನ್ನು ತೆಗೆದು ನೋಡು, ಸಂಜೆಯ ಮೇಲೆ ನಾನು ಒಂದು ದಿನವೂ ಗಾಡಿ ತೆಗೆದಿಲ್ಲ. ನೀನು ಹೆದರಿದ್ದು ಸುಳ್ಳಿಗಲ್ಲ ಮರಿ, ಸ್ವಲ್ಪ ಬೇಗ ಹೆದರಿದೆ.

ನಿನ್ನ ಅತ್ತೆ ಕಲಿಸಿ ಎಂದಾಗ ನಾನು ಕೂಡಲೇ ಗಾಡಿ ತಿರುಗಿಸಿದೆನಲ್ಲ, ಅವಳ ಮೇಲಿನ ಕರುಣೆಯಿಂದ ಎಂದು ಅವಳು ತಿಳಿದಿದ್ದಾಳೆ. ಅದು ಅರ್ಧ ನಿಜ. ಅವಳು ನನಗಿಂತ ಎಂಟು ವರ್ಷ ಚಿಕ್ಕವಳು, ಹದ್ದಿನ ಕಣ್ಣು, ನಮ್ಮ ಮನೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರ. ಕೀ ಕೊಟ್ಟುಬಿಡುವ ದಿನ ನನಗೂ ಬರುತ್ತದೆ ಎಂದು ನಿನಗಿಂತ ಮೊದಲು ನಾನೇ ಯೋಚನೆ ಮಾಡಿದ್ದೆ. ಆ ದಿನ ಮನೆಯಲ್ಲಿ ಕೂರುವ ಆಸೆ ನನಗಿಲ್ಲ.

ನೀನು ತಂದುಕೊಟ್ಟ ಎರಡು ಕೀಗಳಲ್ಲಿ ಒಂದನ್ನು ನಿನ್ನೆ ಅವಳಿಗೆ ಕೊಟ್ಟೆ. ಇನ್ನು ಮೇಲೆ ನಿನ್ನ ಫೋನಿನಲ್ಲಿ ಕತ್ತಲಾದ ಮೇಲಿನ ಓಡಾಟ ಕಂಡರೆ ಗಾಬರಿಯಾಗಬೇಡ. ಓಡಿಸುತ್ತಿರುವುದು ಅವಳು. ನಾನು ಪಕ್ಕದಲ್ಲಿ ಬೆನ್ನು ಒತ್ತಿಸಿಕೊಳ್ಳುತ್ತಾ ಕೂತಿರುತ್ತೇನೆ.

ನಿನ್ನ ಅಮ್ಮ